ಎಂಟು ಬಲ, ಎಂಟು ಎಡ

ಹೋದ ಲಾರಿ ಖಾಲಿಯಾಗಿ ಬರಬೇಕು. ಆ ಶುಕ್ರವಾರ ಅದು ಎಂಟು ಬ್ರಾಕೆಟ್‌ಗಳನ್ನು ಹೊತ್ತುಕೊಂಡೇ ವಾಪಸ್ ಬಂತು.

ಕಾಲುವೆಯ ಮೇಲೆ ಕಟ್ಟುತ್ತಿದ್ದ ಕಾಲುಸೇತುವೆಗೆ ಪಕ್ಕದಿಂದ ಆಸರೆ ಕೊಡುವ ಹದಿನಾರು ಕಬ್ಬಿಣದ ಬ್ರಾಕೆಟ್ ಹೋಗಿದ್ದವು. ಒಂದು ಬದಿಯ ಎಂಟಕ್ಕೆ ಅಡ್ಡಪಟ್ಟಿ ಬಲಕ್ಕಿರಬೇಕು, ಇನ್ನೊಂದು ಬದಿಯ ಎಂಟಕ್ಕೆ ಎಡಕ್ಕೆ, ಒಂದು ಜೊತೆ ಕೈಗವಸು ಇದ್ದ ಹಾಗೆ. ಆದರೆ ವರ್ಕ್‌ಶಾಪಿನಿಂದ ಹದಿನಾರೂ ಬಲಗೈ ಗವಸುಗಳೇ ಹೋಗಿಬಿಟ್ಟಿದ್ದವು.

"ಎಡಚನಿಗೇ ಎಡ ಮರೆತುಹೋಯ್ತಲ್ಲಪ್ಪಾ!" ಕ್ರೇನ್ ನಡೆಸುವ ಮಾಮ ಮೇಲಿನಿಂದಲೇ ಕೂಗಿದ. "ಎಡವಟ್ಟು ಅನ್ನೋ ಮಾತು ಹುಟ್ಟಿದ್ದೇ ಇವನಿಂದ ನೋಡಿ!"

ಎಲ್ಲರೂ ನಕ್ಕರು. ಎಡಚ ಮೇಸ್ತ್ರಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಸುತ್ತಿಗೆ, ಸೀಮೆಸುಣ್ಣ ಎಲ್ಲವನ್ನೂ ಎಡಗೈಯಲ್ಲೇ ಹಿಡಿಯುವ ಫಿಟ್ಟರ್ ಅವನು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅಂದಿನಿಂದ ಮಾತನ್ನು ಮದುವೆಮನೆಯ ಬೆಳ್ಳಿ ಲೋಟದಂತೆ ಒಳಗಿಟ್ಟು, ತೀರಾ ಬೇಕಾದಾಗ ಮಾತ್ರ ಹೊರಗೆ ತೆಗೆಯುತ್ತಿದ್ದ.

ಯಜಮಾನರು ಡ್ರಾಯಿಂಗ್ ಹಾಳೆಯನ್ನು ತರಿಸಿ ನೋಡಿದರು. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: ಎಂಟು ಬಲ, ಎಂಟು ಎಡ.

"ಇದು ಕಾಣಿಸ್ಲಿಲ್ವೇನೋ?"

"ನೋಡ್ಲಿಲ್ಲ. ತಪ್ಪು ನನ್ನದೇ."

ಮಹಡಿಯ ಆಫೀಸಿನಿಂದ ಇಳಿದು ಬಂದಿದ್ದ ಡ್ರಾಯಿಂಗ್ ಮೇಡಂ ಆಗಲೇ ಬಾಯಿ ಹಾಕಿದಳು. "ಒಂದು ಸಾಲು ಓದೋಕೂ ಪುರುಸೊತ್ತಿಲ್ವಾ ಮೇಸ್ತ್ರಿ? ನಾವು ಕಣ್ಣು ಕಿತ್ತುಹೋಗೋ ಹಾಗೆ ಬರೆಯೋದು ಯಾಕೆ?"

ಅವನು ಅವಳತ್ತ ಒಮ್ಮೆ ನೋಡಿ ಕಣ್ಣು ಇಳಿಸಿದ. ಆ ನೋಟದಲ್ಲಿ ಬೇಸರವಿರಲಿಲ್ಲ. ಅದೇ ಅವಳನ್ನು ಮನೆಯ ದಾರಿಯುದ್ದಕ್ಕೂ ಕಾಡಿತು.

ಯಜಮಾನರು ತೀರ್ಪು ಕೊಟ್ಟಾಗಿತ್ತು. ಸೋಮವಾರದಿಂದ ಮೇಸ್ತ್ರಿ ವರ್ಕ್‌ಶಾಪಿನಲ್ಲಿರುವುದಿಲ್ಲ. ಎರಡು ದಿನದ ದಾರಿಯಾಚೆ ದೊಡ್ಡ ಸೇತುವೆಯ ಸೈಟ್‌ಗೆ ಹೋಗಬೇಕು, ಒಂದು ವರ್ಷ, ಎತ್ತರದಲ್ಲಿ ನಿಂತು ಬೋಲ್ಟ್ ಬಿಗಿಯುವ ಕೆಲಸ. ಅವನ ಮೊಣಕಾಲಿನ ನೋವು ಎಲ್ಲರಿಗೂ ಗೊತ್ತಿತ್ತು.

ಅವಳಿಗೆ ಮೂವತ್ತೊಂಬತ್ತು. ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದ ಅಮ್ಮನಿಗಾಗಿ ರಾತ್ರಿಗೆ ನಾಲ್ಕು ಸಲ ಏಳುತ್ತಿದ್ದಳು. ಹಾಗಾಗಿ ಹಗಲೆಂಬುದು ಅವಳಿಗೆ ಕಣ್ಣು ತೆರೆದುಕೊಂಡು ಮಾಡುವ ನಿದ್ದೆಯಾಗಿತ್ತು. ಹೋದ ತಿಂಗಳು ಒಂದು ಅಳತೆ ತಪ್ಪಿದಾಗ ಯಜಮಾನರು ಹೇಳಿದ್ದರು, "ಇನ್ನೊಂದು ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋಬೇಕಾಗುತ್ತಮ್ಮಾ." ಆ ಮಾತು ಕೆಳಗೆ ಎಲ್ಲರ ಕಿವಿಗೂ ಬಿದ್ದಿತ್ತು.

ಶನಿವಾರ ಬೆಳಿಗ್ಗೆ ಕೆಳಗಿನಿಂದ ಬಂದ ಹಾಳೆಯನ್ನು ಫೈಲಿಗೆ ಸೇರಿಸುವಾಗ ಅವಳ ಕೈ ತಡೆಯಿತು.

ಅಕ್ಷರಗಳು ಅವಳವುಗಳಂತೆಯೇ ದುಂಡಗೆ. ಕೊನೆಗಳಿಗೆಯ ಸೂಚನೆಗಳನ್ನು ಎರಡೂ ಪ್ರತಿಗಳಲ್ಲಿ ಪೆನ್ಸಿಲಿನಲ್ಲಿ ಬರೆಯುವುದೂ ಅವಳದೇ ಅಭ್ಯಾಸ. ಆದರೆ ಸಾಲಿನುದ್ದಕ್ಕೂ ಒಂದು ಬೂದು ಮಸಿ ಒರೆಸಿಕೊಂಡು ಹೋಗಿತ್ತು. ಬರೆದ ಅಕ್ಷರದ ಮೇಲೇ ಅಂಗೈ ಎಳೆದುಕೊಂಡು ಮುಂದೆ ಹೋದರೆ ಮಾತ್ರ ಬೀಳುವ ಮಸಿ. ಬಲಗೈಯಲ್ಲಿ ಬರೆಯುವವರ ಕೈ ಖಾಲಿ ಕಾಗದದ ಮೇಲೆ ಸರಿಯುತ್ತದೆ. ಎಡಗೈಯವರದು ಹಾಗಲ್ಲ.

ತನ್ನ ಪ್ರತಿಯನ್ನು ಹುಡುಕಿ ತೆಗೆದಳು. ಮೂಲೆ ಖಾಲಿ. ಅವಳು ಆ ಸಾಲನ್ನು ಬರೆದೇ ಇರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಫೈಲ್ ಮುಚ್ಚಿದರೆ ಕೆಲಸ ಉಳಿಯುತ್ತಿತ್ತು, ಅಮ್ಮನ ಔಷಧಿಯೂ ನಡೆಯುತ್ತಿತ್ತು. ಅವನೊಬ್ಬ ಹೋಗುತ್ತಿದ್ದ, ಅಷ್ಟೇ. ಆ 'ಅಷ್ಟೇ' ಗಂಟಲಿನಿಂದ ಕೆಳಗಿಳಿಯಲಿಲ್ಲ.

ಅವಳು ಎರಡೂ ಹಾಳೆಗಳನ್ನು ಹಿಡಿದು ಕಬ್ಬಿಣದ ಮೆಟ್ಟಿಲು ಇಳಿದಳು. ಮೊದಲು ಹೋದದ್ದು ಅವನ ಬಳಿಗೆ.

"ನನ್ನ ತಪ್ಪನ್ನ ಕದಿಯೋಕೆ ನೀವ್ಯಾರು?"

ಅವನು ಹಾಳೆ ನೋಡಿದ, ತನ್ನ ಅಂಗೈ ನೋಡಿದ. "ಮಸಿ ಆಗಿದ್ಯಾ? ಛೇ."

"ಛೇ ಅಂತೆ! ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ಕೊಡ್ತಿದ್ರಾ?"

"ಇಲ್ಲ!"

"ಅದಕ್ಕೇ ಕೇಳ್ಲಿಲ್ಲ." ಅವನ ಮೀಸೆಯ ಒಂದು ತುದಿ ಮಾತ್ರ ನಕ್ಕಿತು. "ಮೇಲೆ ಹೋಗಿ ಮೇಡಂ. ನನ್ನದೇನು, ಒಂಟಿ ಜೀವ. ಎಲ್ಲಿದ್ರೂ ನಡೆಯುತ್ತೆ."

ಅವಳು ಮೇಲೆ ಹೋಗಲಿಲ್ಲ. ನೇರ ಯಜಮಾನರ ಮೇಜಿಗೆ ಹೋದಳು. ಮೂವತ್ತು ವರ್ಷ ಕಬ್ಬಿಣದ ಸದ್ದಿನಲ್ಲಿ ಕೂತು ಅವರ ಕಿವಿ ಮಂದವಾಗಿತ್ತು. ಆ ವರ್ಕ್‌ಶಾಪಿನಲ್ಲಿ ಗುಟ್ಟು ಹೇಳುವುದು ಸಾಧ್ಯವೇ ಇರಲಿಲ್ಲ.

"ತಪ್ಪು ನಂದು," ಎಂದಳು.

"ಏನು ತಿಂದು?"

"ತಪ್ಪು ನಂದು! ನಾನು ಬರೆದಿರ್ಲಿಲ್ಲ! ಅವರು ಆಮೇಲೆ ಬರೆದಿದ್ದು!"

ವೆಲ್ಡಿಂಗ್ ಮಾಡುತ್ತಿದ್ದವರು ಮುಖದ ಪರದೆ ಎತ್ತಿದರು. ಯಜಮಾನರು ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಕನ್ನಡಕ ತೆಗೆದು, ಮೇಸ್ತ್ರಿಯನ್ನು ಕರೆದರು.

"ಯಾಕೋ ಹೀಗ್ಮಾಡ್ದೆ?"

ಅವನು ನೆಲ ನೋಡುತ್ತ ಏನೋ ಗೊಣಗಿದ.

"ಜೋರಾಗಿ ಹೇಳು!"

"ಅವರು ಸುಸ್ತಾಗಿದ್ರು!"

"ಇಲ್ಲಿ ಸುಸ್ತಾಗದೆ ಇರೋನು ಯಾರಯ್ಯಾ?"

"ಹಾಗಲ್ಲ!" ಒಂಬತ್ತು ವರ್ಷದ ಮಾತು ಒಟ್ಟಿಗೇ ಹೊರಬಂತು. "ಡ್ರಾಯಿಂಗ್ ಕೊಟ್ಟ ದಿನ ಅವರು ಎರಡು ಬೇರೆ ಬೇರೆ ಚಪ್ಪಲಿ ಹಾಕ್ಕೊಂಡು ಬಂದಿದ್ರು! ಒಂದು ಕಪ್ಪು, ಒಂದು ಕಂದು! ಸಂಜೆವರೆಗೂ ಅವರಿಗೇ ಗೊತ್ತಾಗ್ಲಿಲ್ಲ! ಅಷ್ಟು ಸುಸ್ತಾಗಿರೋರನ್ನ ಕೆಲಸದಿಂದ ತೆಗೀಬಾರ್ದು!"

ವರ್ಕ್‌ಶಾಪಿಗೆ ವರ್ಕ್‌ಶಾಪೇ ಅವಳ ಪಾದ ನೋಡಿತು. ಅಂದು ಸದ್ಯ ಎರಡೂ ಕಪ್ಪೇ ಇದ್ದವು. ಅವಳ ಕಿವಿ ಕಾದ ಕಬ್ಬಿಣದಂತೆ ಕೆಂಪಾಯಿತು. ಆ ದಿನ ಮನೆಗೆ ಹೋಗಿ ಚಪ್ಪಲಿ ಬಿಡುವಾಗ ಅವಳೊಬ್ಬಳೇ ನಕ್ಕು, ಹಾಗೆಯೇ ಅತ್ತಿದ್ದಳು. ಯಾರೂ ನೋಡಲಿಲ್ಲವೆಂದುಕೊಂಡಿದ್ದಳು.

ಯಜಮಾನರು ಬಹಳ ಹೊತ್ತು ಕನ್ನಡಕ ಒರೆಸಿದರು.

"ಸೈಟ್‌ಗೆ ಬೇರೆಯವನನ್ನ ಕಳಿಸ್ತೀನಿ," ಎಂದರು ಕೊನೆಗೆ. "ಎಂಟನ್ನೂ ನೀವಿಬ್ಬರೇ ನಿಂತು ಸರಿ ಮಾಡಿ. ಇನ್ನು ಮೇಲೆ ಇವಳ ಡ್ರಾಯಿಂಗನ್ನ ಇವನು ನೋಡ್ಬೇಕು, ಇವನು ಕತ್ತರಿಸೋ ಮೊದಲು ಇವಳನ್ನ ಕೇಳ್ಬೇಕು. ಪ್ರತಿ ಹಾಳೆಗೂ ಇಬ್ಬರ ಸಹಿ."

"ಇಬ್ಬರ ಸಹಿ ಅಂದ್ರೆ ರಿಜಿಸ್ಟ್ರಾರ್ ಆಫೀಸೇ ಆಯ್ತಲ್ಲ ಧಣಿ! ಸಾಕ್ಷಿಗೆ ನಾನಿದ್ದೀನಿ!" ಮೇಲಿನಿಂದ ಕ್ರೇನ್ ಮಾಮ.

ಯಜಮಾನರಿಗೆ ಅದು ಕೇಳಿಸಲಿಲ್ಲ. ಕೇಳಿಸಬೇಕಾದವರಿಗೆ ಕೇಳಿಸಿತು.

ಶನಿವಾರ ಅರ್ಧ ದಿನ. ಒಂದು ಗಂಟೆಗೆ ಎಲ್ಲರೂ ಹೋದರು. ಅವಳು ಅಕ್ಕನಿಗೆ ಫೋನ್ ಮಾಡಿ ಸಂಜೆಯವರೆಗೆ ಅಮ್ಮನ ಹತ್ತಿರ ಇರಲು ಹೇಳಿದಳು. ಎಂಟು ಬ್ರಾಕೆಟ್‌ಗಳ ಮೇಲೆ ಸೀಮೆಸುಣ್ಣದಿಂದ ಪಟ್ಟಿ ಕೂರಬೇಕಾದ ಜಾಗ ಗುರುತು ಮಾಡಿಕೊಟ್ಟಳು. ಅವನು ಹಳೆಯ ಪಟ್ಟಿಗಳನ್ನು ಗ್ಯಾಸಿನಲ್ಲಿ ಕತ್ತರಿಸಿ ತೆಗೆದ. ಇನ್ನು ಉಳಿದ ವೆಲ್ಡಿಂಗ್ ಗಂಟುಗಳನ್ನು ಗ್ರೈಂಡರಿನಲ್ಲಿ ಉಜ್ಜಿ ನುಣುಪು ಮಾಡಬೇಕಿತ್ತು.

"ಸುಸ್ತಾದವರ ತಪ್ಪನ್ನೆಲ್ಲ ನೀವು ಹೊತ್ಕೋತೀರಾ?" ಅವಳು ಕೇಳಿದಳು.

"ಎಲ್ಲರದ್ದೂ ಇಲ್ಲ."

"ಮತ್ತೆ?"

"ಒಬ್ಬರದ್ದು."

ಅವಳು ಸೀಮೆಸುಣ್ಣವನ್ನು ಬೆರಳುಗಳಲ್ಲಿ ತಿರುಗಿಸಿದಳು. "ಅಮ್ಮನ್ನ ಬಿಟ್ಟು ನಾನು ಎಲ್ಲಿಗೂ ಬರೋ ಹಾಗಿಲ್ಲ. ಮೊದಲೇ ಹೇಳಿರ್ತೀನಿ."

"ನಾನು ಬರ್ತೀನಲ್ಲ." ಅವನು ಗವಸು ಕಳಚಿ ಅವಳ ಎದುರು ನಿಂತ. ಹೇಗೆ ಹೇಳುವುದೆಂದು ತಿಳಿಯದೆ ಮೊಣಕಾಲು ಸವರಿಕೊಂಡ. "ಒಂದು ರಾತ್ರಿ ನೀವು ಏಳಿ. ಒಂದು ರಾತ್ರಿ ನಾನು ಏಳ್ತೀನಿ."

ಅವಳು ಹರೆಯದಲ್ಲಿ ಎಷ್ಟೋ ಚಂದದ ಮಾತುಗಳನ್ನು ಕಲ್ಪಿಸಿಕೊಂಡಿದ್ದಳು. ಇಷ್ಟು ಚಂದದ್ದು ಅವುಗಳಲ್ಲಿ ಒಂದೂ ಇರಲಿಲ್ಲ. ಅವನ ಕೆಲಸದ ಕೋಟಿನ ತೋಳು ಹಿಡಿದು ಒಮ್ಮೆ ಎಳೆದಳು, ಬಿಟ್ಟಳು. ಅವನಿಗೆ ಅಷ್ಟು ಸಾಕಾಯಿತು. ಗ್ರೈಂಡರ್ ಹಚ್ಚಿದ.

ಅವಳು ಮರದ ದಿಮ್ಮಿಗಳ ಮೇಲೆ ಗೋಡೆಗೊರಗಿ ಕುಳಿತಳು. ಎಷ್ಟೋ ತಿಂಗಳ ದಣಿವು ಸ್ವಲ್ಪಸ್ವಲ್ಪವಾಗಿ ಕಾಲಿನಿಂದ ಇಳಿಯತೊಡಗಿತು. ಕಿಡಿಗಳು ಹಾರುವುದನ್ನು ನೋಡುತ್ತಲೇ ಕಣ್ಣು ಮುಚ್ಚಿದವು.

ಥಟ್ಟನೆ ಎಚ್ಚರವಾಯಿತು. ವರ್ಕ್‌ಶಾಪು ನಿಶ್ಶಬ್ದವಾಗಿತ್ತು. ಅವನು ಬೆನ್ನು ಬಗ್ಗಿಸಿ, ಕೈಯಲ್ಲಿ ಅರ ಹಿಡಿದು, ಕಬ್ಬಿಣವನ್ನು ಮೆಲ್ಲಮೆಲ್ಲಗೆ ಉಜ್ಜುತ್ತಿದ್ದ.

"ಗ್ರೈಂಡರ್ ಯಾಕೆ ನಿಲ್ಲಿಸಿದ್ರಿ?"

"ನೀವು ಮಲಗಿದ್ರಿ."

"ಅರದಲ್ಲಿ ಉಜ್ಜಿದ್ರೆ ನಾಳೆ ಬೆಳಗಾಗುತ್ತೆ."

"ಆಗ್ಲಿ. ನಂಗೇನು ಅವಸರ ಇಲ್ಲ."

ಅವಳು ನಿದ್ದೆಗಣ್ಣಿನಲ್ಲೇ ತಲೆಯಾಡಿಸಿದಳು. "ಎಂಟು ವರ್ಷದಿಂದ ಮೇಲೆ ಕೂತು ಆ ಸದ್ದನ್ನೇ ಕೇಳ್ತಿದೀನಿ. ಹತ್ತು ಗ್ರೈಂಡರ್ ಒಟ್ಟಿಗೆ ಓಡಿದ್ರೂ ನಿಮ್ಮದು ಯಾವುದು ಅಂತ ಗೊತ್ತಾಗುತ್ತೆ ನಂಗೆ. ಅದು ನಿಂತ್ರೆ ನೀವು ಹೊರಟ್ರಿ ಅಂತ ಅರ್ಥ. ಅದಕ್ಕೇ ಎಚ್ಚರ ಆಯ್ತು."

ಅವನು ಅರವನ್ನು ಕೆಳಗಿಟ್ಟ. ಕೋಟು ಬಿಚ್ಚಿ, ಒಳಗಿನ ಮಗ್ಗುಲು ಮೇಲೆ ಬರುವಂತೆ ಮಡಿಸಿ, ಅವಳ ತಲೆಗೂ ಗೋಡೆಗೂ ನಡುವೆ ಇಟ್ಟ.

"ಹಾಗಾದ್ರೆ ಹಾಕ್ಲಾ?"

"ಹಾಕಿ," ಎಂದಳು, ಕಣ್ಣು ಮುಚ್ಚಿಕೊಂಡೇ.

ಗ್ರೈಂಡರ್ ಕಿವಿ ಕಿತ್ತುಹೋಗುವಂತೆ ಕಿರುಚಿತು. ಎರಡನೆಯ ಬ್ರಾಕೆಟ್ ಮುಗಿಯುವ ಮೊದಲೇ ಅವಳಿಗೆ ಗಾಢ ನಿದ್ದೆ ಬಂದಿತ್ತು.