ಮೂರು ತಿರುವಿನ ಗುಡ್ಡ

ಎಂಜಿನ್ನು ಮತ್ತೆ ಬಿತ್ತು. ಮೊದಲ ತಿರುವಿನಲ್ಲೇ ಹಳಿ ಬಿಟ್ಟು, ಹಿಂದಿನ ಎರಡು ಡಬ್ಬಿಗಳನ್ನೂ ಎಳೆದುಕೊಂಡು ಟೇಬಲ್ಲಿನ ಮೇಲೆ ಅಡ್ಡ ಮಲಗಿತು. ಇದು ಮೂರನೆಯ ಸಲ.

ಎಂಜಿನ್ನಿಗೆ ವಾಂತಿ ಬಂದಿರಬೇಕು, ನಿಂಬೆಹಣ್ಣು ಮೂಸಿಸು ಎಂದು ಕ್ಲಬ್ಬಿನ ಹುಡುಗ ನವೀನ ನಕ್ಕ. ರೋಹಿಣಿ ಅವನ ಕಡೆ ನೋಡದೆ ಬಿದ್ದ ಡಬ್ಬಿಗಳನ್ನು ಎತ್ತಿ ನಿಲ್ಲಿಸಿದಳು.

ಶಿರಸಿಗೆ ಇನ್ನೂ ರೈಲು ಬಂದಿಲ್ಲ. ಆದರೆ ರೈಲಿನ ಕ್ಲಬ್ಬು ಇದೆ, ಏನು ಮಾಡುತ್ತೀರಿ! ಹುಬ್ಬಳ್ಳಿಯಲ್ಲಿ ರೈಲ್ವೆ ಗಾರ್ಡ್ ಆಗಿದ್ದ ಶಂಭುಲಿಂಗ ಸರ್ ಅದನ್ನು ಶುರು ಮಾಡಿದವರು. ವರ್ಷಕ್ಕೊಂದು ಶನಿವಾರ ಸಂಜೆ ಎಲ್ಲರ ಮನೆಯವರನ್ನೂ ಕರೆದು ರೈಲಿನ ಸಿನಿಮಾ, ಸ್ಲೈಡು ತೋರಿಸುತ್ತಾರೆ. ಆಮೇಲೆ ಚಹಾ, ಮಂಡಕ್ಕಿ. ಕೊನೆಗೆ ಪುಟ್ಟ ರೈಲು ಓಡಿಸುತ್ತಾರೆ. ಈ ವರ್ಷ ಅದು ಓಡಬೇಕಾದದ್ದು ರೋಹಿಣಿಯ ಗುಡ್ಡದ ಮೇಲೆ.

ಐದನೆಯ ಕ್ಲಾಸಿನ ರೋಹಿಣಿ ಮೂರು ವಾರ ಕೂತು ಥರ್ಮೊಕೋಲಿನಲ್ಲಿ ಆ ಗುಡ್ಡ ಮಾಡಿದ್ದಳು. ಮೇಲೆಲ್ಲ ಕೆಮ್ಮಣ್ಣಿನ ಬಣ್ಣ, ಒಣಗಿದ ಪಾಚಿಯ ಕಾಡು. ಹಳಿ ಗುಡ್ಡದ ಮೈಮೇಲೆ ಹತ್ತಿ, ಮೂರು ಕಡೆ ಗಕ್ಕನೆ ತಿರುಗಿ ಆಚೆ ಇಳಿಯುತ್ತಿತ್ತು. ಕುಮಟೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದ್ದ ದೇವಿಮನೆ ಘಟ್ಟದ ಹಾಗೇ! ಕ್ಲಬ್ಬಿನವರು ಹಳಿ ಕೊಡುತ್ತಾರೆ, ಎಂಜಿನ್ನನ್ನು ಮನೆಗೆ ಕೊಡುವುದಿಲ್ಲ. ಅದಕ್ಕೆ ಅವಳು ಹಳಿಯ ಮೇಲೆ ಆಟದ ಬಸ್ಸೊಂದನ್ನು ತಳ್ಳಿ ನೋಡಿದ್ದಳು. ಬಸ್ಸು ಮೂರೂ ತಿರುವು ಸಲೀಸಾಗಿ ದಾಟಿತ್ತು.

ತಮ್ಮೂರು ದಾಸನಕೊಪ್ಪದಿಂದ ಶಿರಸಿಯವರೆಗೆ ಬಸ್ಸಿನಲ್ಲಿ ಅಜ್ಜಿ ನೀಲಗಂಗವ್ವ ಗುಡ್ಡವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಳು. ಮುಟ್ಟಲು ಬಂದ ಕಂಡಕ್ಟರನಿಗೂ ಬೈಗುಳ ಬಿದ್ದಿತ್ತು.

"ಜನ ಬರಾಕತ್ತಾರ ತಂಗಿ," ಎಂದರು ಶಂಭುಲಿಂಗ ಸರ್. "ಚಹಾ ಮುಗಿಯೂತನಾ ಟೈಮ್ ಐತಿ. ಆಗ್ಲಿಲ್ಲಂದ್ರ ಗುಡ್ಡ ತಗದು, ಬರೇ ಟೇಬಲ್ ಮ್ಯಾಲ ಓಡ್ಸೋಣು."

ಗುಡ್ಡ ತೆಗೆಯುವುದೇ! ರೋಹಿಣಿಗೆ ಸಿನಿಮಾ ತಲೆಗೆ ಹತ್ತಲೇ ಇಲ್ಲ. ಉಗಿಬಂಡಿ ಹೊಗೆ ಬಿಡುತ್ತ ಪರದೆ ತುಂಬ ನುಗ್ಗಿ ಬಂದಾಗ ಮಕ್ಕಳೆಲ್ಲ ಹೋ ಎಂದು ಕೂಗಿದರು. ಅವಳು ತಿರುವುಗಳನ್ನೇ ಯೋಚಿಸುತ್ತಿದ್ದಳು.

ಆಮೇಲೆ ಹಳೆಯ ಪ್ರೊಜೆಕ್ಟರಿನಲ್ಲಿ ಸ್ಲೈಡುಗಳು. ಟಕ್ ಎಂದರೆ ಒಂದು ಸೇತುವೆ, ಟಕ್ ಎಂದರೆ ಒಂದು ಸ್ಟೇಷನ್. ಮತ್ತೊಂದು ಟಕ್ಕಿಗೆ ದೊಡ್ಡದೊಂದು ಗುಡ್ಡ ಬಂತು. ಅದರ ಮೈಮೇಲೆ ರಸ್ತೆ ಸುತ್ತಿ ಸುತ್ತಿ ಹತ್ತಿತ್ತು. ಕೆಳಗೆ ರೈಲಿನ ಹಳಿ ಸೀದಾ ಬಂದು ಗುಡ್ಡದ ಹೊಟ್ಟೆಯೊಳಗೆ ಹೋಗಿತ್ತು.

ರೋಹಿಣಿ ಧಡಕ್ಕನೆ ಎದ್ದು ನಿಂತಳು. ಅಯ್ಯೋ ದೇವರೇ, ತಾನು ಮಾಡಿದ್ದು ಬಸ್ಸಿನ ದಾರಿ! ಹುಟ್ಟಿದಾಗಿನಿಂದ ಅವಳು ಒಮ್ಮೆಯೂ ರೈಲು ಹತ್ತಿರಲಿಲ್ಲ.

ಎಲ್ಲರೂ ಚಹಾಕ್ಕೆ ಎದ್ದಾಗ ಅವಳು ಸರ್ ಹತ್ತಿರ ಓಡಿ, ಗರಗಸದ ಬ್ಲೇಡು ಕೇಳಿದಳು.

"ಒಮ್ಮೆ ಕೊಯ್ದ್ರ ಮತ್ತ ಮೊದಲಿನಂಗ ಆಗೂದಿಲ್ಲ, ನೋಡವ್ವಾ," ಎಂದರು ಸರ್.

"ಗೊತ್ತೈತ್ರಿ ಸರ್."

ಹೇಳಿದ್ದೇನೋ ಹೌದು. ಆದರೆ ಗುಡ್ಡದ ಬುಡಕ್ಕೆ ಬ್ಲೇಡು ಇಟ್ಟವಳು ಮತ್ತೆ ತೆಗೆದಳು. ಒಂದೊಂದೇ ಎಳೆಯಾಗಿ ಅಂಟಿಸಿದ ಪಾಚಿಯ ಕಾಡು ಅಲ್ಲಿಯೇ ಇತ್ತು. ಹುಚ್ಚು ಹಿಡಿದಿದೆಯೇ ನಿನಗೆ ಎಂದು ಅಜ್ಜಿ ಗದರಿದಳು. ಗದರುತ್ತಲೇ ಗುಡ್ಡವನ್ನು ಬೋರಲು ಮಾಡಿ ಗಟ್ಟಿಯಾಗಿ ಹಿಡಿದುಕೊಂಡಳು.

ರೋಹಿಣಿ ಕಣ್ಣು ಮುಚ್ಚಿ ಬ್ಲೇಡು ಎಳೆದಳು. ಆಮೇಲೆ ಕಣ್ಣು ಬಿಟ್ಟು, ಸರಸರ ಕೊಯ್ದಳು. ಬಿಳಿ ಚೂರು ಅಜ್ಜಿಯ ಸೀರೆ ತುಂಬ ಹಾರಿತು. ನವೀನನ ಪ್ಲೇಟಿಗೂ ಬಿತ್ತು. ಯಾವುದು ಥರ್ಮೊಕೋಲು, ಯಾವುದು ಮಂಡಕ್ಕಿ ಎಂದು ತಿಳಿಯದೆ ಅವನು ಪ್ಲೇಟು ಬದಿಗಿಟ್ಟು, ನೇರ ಹಳಿಗಳನ್ನು ಜೋಡಿಸಲು ಬಂದ. ಈಗ ಅವನು ನಗುತ್ತಿರಲಿಲ್ಲ.

ಹಳಿಯ ಮೇಲೆ ಗುಡ್ಡ ಕೂರಿಸಿದರು. ಜನ ಟೇಬಲ್ಲಿನ ಸುತ್ತ ಮುತ್ತಿಕೊಂಡರು. ಸರ್ ಕಂಟ್ರೋಲಿನ ಗುಂಡಿ ತಿರುಗಿಸಿದರು. ಎಂಜಿನ್ನು ಗುಡ್ಡದೊಳಗೆ ನುಗ್ಗಿತು, ಒಂದು ಡಬ್ಬಿ, ಎರಡು ಡಬ್ಬಿ. ಆಮೇಲೆ ಏನೂ ಕಾಣಲಿಲ್ಲ. ಒಳಗಿನಿಂದ ಕರಕರ ಸದ್ದು ಬಂತು. ರೋಹಿಣಿ ಅಜ್ಜಿಯ ಸೆರಗು ಹಿಡಿದುಕೊಂಡಳು.

ತಲೆಯ ಮೇಲೆ ಬಿಳಿ ಚೂರು ಹೊತ್ತುಕೊಂಡು ಎಂಜಿನ್ನು ಆಚೆ ಬಂತು! ಚಪ್ಪಾಳೆಯೋ ಚಪ್ಪಾಳೆ. ಅಜ್ಜಿಯಂತೂ ತನ್ನ ಮೊಮ್ಮಗಳು ಎಂದು ಸಿಕ್ಕಿದವರಿಗೆಲ್ಲ ಹೇಳಿದಳು.

ಇನ್ನೊಮ್ಮೆ, ಇನ್ನೊಮ್ಮೆ ಎಂದು ಮಕ್ಕಳು ಕೂಗಿದರು. ಸರ್ ಕಂಟ್ರೋಲನ್ನು ರೋಹಿಣಿಯ ಕೈಗೆ ಕೊಟ್ಟರು.

ಅವಳು ಗುಂಡಿ ತಿರುಗಿಸಿದಳು. ರೈಲು ಒಳಗೆ ಹೋಗಿ ಮರೆಯಾಯಿತು. ಎಲ್ಲರೂ ಉಸಿರು ಬಿಗಿಹಿಡಿದು ಆಚೆಯ ಬಾಯಿ ನೋಡುತ್ತಿದ್ದರು. ರೋಹಿಣಿಗೆ ಈ ಸಲ ಹೆದರಿಕೆ ಆಗಲಿಲ್ಲ. ಆ ಕತ್ತಲಿನಲ್ಲಿ ದಾರಿ ಹೇಗಿದೆ ಎಂದು ಅವಳ ಕೈಗೆ ಗೊತ್ತಿತ್ತು.