ಕೆಂಪು ಕೌದಿಗೆ ಓಡಿದ ಎಂಟನೆಯವನು

"ಕಾಲು ಹಿಡಿ ಥರ್ಜಾ. ತಲೆ ನಾನು ಹಿಡೀತೀನಿ. ಎತ್ತಿದ ಮೇಲೆ ಮಧ್ಯದಲ್ಲಿ ಬಿಡಬೇಡ."

ನಾನು ಹಿಡಿದೆ. ಹಿಮ ಕರಗಿ ಬರುತ್ತಿದ್ದ ಕಾಲುವೆಯ ನೀರು ಮೂಳೆ ಕೊರೆಯುತ್ತಿತ್ತು. ಲಂಗ ನೆನೆದು ಕಲ್ಲಿನಷ್ಟು ಭಾರವಾಗಿತ್ತು. ಇಬ್ಬರೂ ಸೇರಿ ಜೇರೆಡ್ ಪೆಟಿಂಗಿಲ್‌ನನ್ನು ದಂಡೆಗೆ ಎಳೆದು ಮಗ್ಗುಲಾಗಿಸಿದಾಗ ಅವನ ಬಾಯಿಂದ ಒಂದು ಹನಿ ನೀರೂ ಬರಲಿಲ್ಲ. ಅಕ್ಕ ಅದನ್ನು ಗಮನಿಸಿದಳು. ನಾನು ಅವಳನ್ನು ಗಮನಿಸಿದೆ.

"ಪಾಪ, ತಲೆ ಸುತ್ತಿ ಬಿದ್ದಿರಬೇಕು," ಎಂದೆ.

"ಮುಖ ಅಡಿಯಾಗಿ ಬಿದ್ದೋನಿಗೆ ಪೆಟ್ಟು ಹಿಂದೆ ಹೇಗೆ ಬಿತ್ತು?"

ಅವಳು ಒದ್ದೆ ಕೂದಲನ್ನು ಬಿಡಿಸಿ ತೋರಿಸಿದಳು. ನಾಲ್ಕು ಬೆರಳಿನುದ್ದದ ಗಾಯ, ಗೆರೆ ಎಳೆದಷ್ಟು ನೇರ. ಕಾಲುವೆಯ ಕಲ್ಲುಗಳೆಲ್ಲ ಮೊಟ್ಟೆಯಂತೆ ಗುಂಡಗಿದ್ದವು. ಆಮೇಲೆ ಅವಳು ಅವನ ಹೆಗಲಪಟ್ಟಿಯ ಬಕಲಿಗೆ ಸಿಕ್ಕಿಕೊಂಡಿದ್ದ ಏನನ್ನೋ ಮೆಲ್ಲಗೆ ಬಿಡಿಸಿದಳು. ಬೆರಳುದ್ದದ, ರಕ್ತವಿಲ್ಲದಂತೆ ಬೆಳ್ಳಗಿದ್ದ ಮೊಳಕೆ. ಕರವಸ್ತ್ರದಲ್ಲಿ ಮಡಿಸಿಟ್ಟುಕೊಂಡಳು. ಸತ್ತವನ ಕಣ್ಣು ಮುಚ್ಚಿದ್ದು ಅದಾದ ಮೇಲೆ.

ಅಕ್ಕ ಎಂದರೆ ಕೆಜಾಯಾ ಹೋಲ್‌ಬ್ರುಕ್, ಎಲಿಮ್ ಕೊಳ್ಳದ ಸೂಲಗಿತ್ತಿ, ನನ್ನ ಗಂಡನ ಮೊದಲ ಹೆಂಡತಿ. ನಾನು ಎರಡನೆಯವಳು. ಇಬ್ಬರನ್ನು ಕಟ್ಟಿಕೊಂಡ ತಪ್ಪಿಗೆ ಗಂಡ ಲೋರಿನ್ ಸರ್ಕಾರದ ಜೈಲಿನಲ್ಲಿದ್ದ. ಮನೆಯಲ್ಲಿ ನಾವು ಸವತಿಯರಿಬ್ಬರೇ. ಊರಿನಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಜನ ಬಿಷಪ್ಪರಿಗಿಂತ ಮೊದಲು ನಮ್ಮ ಬಾಗಿಲು ತಟ್ಟುತ್ತಿದ್ದರು. ಅವಳು ಹುಡುಕುತ್ತಿದ್ದಳು, ದೀಪ ಹಿಡಿಯುವುದು ನನ್ನ ಕೆಲಸ.

ಅದು ೧೮೯೧ರ ಏಪ್ರಿಲ್. ಇನ್ನು ಮುಂದೆ ಯಾರೂ ಎರಡನೆಯ ಮದುವೆಯಾಗಕೂಡದೆಂದು ಸಾಲ್ಟ್ ಲೇಕಿನ ಹಿರಿಯರ ಘೋಷಣೆ ಬಂದು ಆರು ತಿಂಗಳಾಗಿತ್ತು. ನಮ್ಮನ್ನು ಮಾರ್ಮನ್ನರೆಂದು ಬಯ್ಯುವ ಹೊರಗಿನವರು ಗೆದ್ದೆವೆಂದು ನಕ್ಕರು. ನಾವು ನಗಲೂ ಇಲ್ಲ, ಅಳಲೂ ಇಲ್ಲ. ಒಬ್ಬಳೇ ಹೆಂಡತಿ ಇರುವವನಿಗೆ ಸ್ವರ್ಗದಲ್ಲಿ ಜಗಲಿಯಷ್ಟೇ ಸಿಗುತ್ತದೆ ಎಂದು ಇಪ್ಪತ್ತು ವರ್ಷ ಗುಡುಗಿದ್ದ ಬಿಷಪ್ ಲೆವೈ ಕಾರ್ನಬಿ ಅದೇ ವೇದಿಕೆಯಲ್ಲಿ ಆ ಘೋಷಣೆಯನ್ನು ಓದಿದರು. ಮಾರನೆಯ ವಾರ ನನ್ನನ್ನು ಕರೆದು, "ಥರ್ಜಕ್ಕ, ಯಾರಾದ್ರೂ ಕೇಳಿದ್ರೆ ಲೋರಿನ್ ಮನೇಲಿ ನೆಂಟರು ಅಂತ ಹೇಳ್ಕೊಳ್ಳಿ," ಎಂದರು. ಅವರೇ ಮಾಡಿಸಿದ್ದ ಮದುವೆ ನನ್ನದು.

ಅಕ್ಕನಿಗೆ ಆ ರಾತ್ರಿ ಹೇಳಿದಾಗ ಅವಳು ರೊಟ್ಟಿ ಹಿಟ್ಟು ನಾದುತ್ತಲೇ ಅಂದಿದ್ದಳು: "ನಮ್ಮಮ್ಮನ ಕಾಲದಲ್ಲೂ ಹಿಂಗೇ. ಮಾಡೋರು ಮಾಡ್ತಿದ್ರು, ಕೇಳಿದ್ರೆ ಇಲ್ಲ ಅಂತಿದ್ರು. ಆಮೇಲೆ ಅದು ದೇವರ ಆಜ್ಞೆ ಆಯ್ತು. ದೊಡ್ಡೋರು ಮನಸ್ಸು ಬದಲಾಯಿಸ್ಬೋದು ಕಣೆ. ಹೊಟ್ಟೇಲಿರೋ ಮಗು ಬದಲಾಯಿಸಕ್ಕಾಗುತ್ತಾ?"

ಹೊಟ್ಟೆಯಲ್ಲಿ ಮಗು ಇದ್ದದ್ದು ಆರ್ವಿಲ್ಲಾಗೆ. ಹತ್ತೊಂಬತ್ತು ವರ್ಷದ ಅನಾಥೆ. ಚಳಿಗಾಲದಲ್ಲಿ ಬಿಷಪ್ಪರ ಮನೆ, ಸಲಹೆಗಾರ ಥ್ರೂಪ್‌ನ ಮನೆ, ನಮ್ಮ ಮನೆ, ಮೂರೂ ಕಡೆ ಉಣ್ಣೆ ನೂಲಲು ಬರುತ್ತಿದ್ದಳು. ಗಂಡ ಯಾರೆಂದು ಎಷ್ಟು ಕೇಳಿದರೂ, "ಮದುವೆ ಆಗಿದೆ. ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದೀನಿ," ಎನ್ನುವುದು ಬಿಟ್ಟರೆ ಬಾಯಿ ಬಿಡಲಿಲ್ಲ. ಊರೆಲ್ಲ ಉಪವಾಸವಿರುವ ಗುರುವಾರದ ಸಭೆಯಲ್ಲಿ ಅವಳ ವಿಚಾರಣೆ. ಮದುವೆ ಸಾಬೀತಾಗದಿದ್ದರೆ ಹಾದರಗಿತ್ತಿಯೆಂದು ಸಭೆಯಿಂದ ಹೊರಗೆ, ಮಗುವಿಗೆ ಹೆಸರಿಲ್ಲ. ಊರಿನ ಹುಟ್ಟು, ಮದುವೆ, ಸಾವು ಬರೆದಿಡುತ್ತಿದ್ದ ಜೇರೆಡಣ್ಣ ಹಿರಿಯರೆಲ್ಲರ ಮುಂದೆ, "ಆ ಹುಡುಗಿ ವಿಷ್ಯ ನನ್ನ ಪುಸ್ತಕದಲ್ಲಿದೆ. ಗುರುವಾರ ತೆಗೀತೀನಿ," ಎಂದಿದ್ದ. ಮಂಗಳವಾರ ಅವನು ಕಾಲುವೆಯಲ್ಲಿದ್ದ.

ಆ ಮಂಗಳವಾರ ಊರಿನಲ್ಲಿ ಗಂಡಸರೇ ಕಡಿಮೆ. ಬೆಳಿಗ್ಗೆ ಏಳೂವರೆಗೆ ಬೇಲಿಯ ಮೇಲೆ ಕೆಂಪು ಕೌದಿ ಕಾಣಿಸಿತ್ತು. ಕೆಂಪು ಕೌದಿ ಎಂದರೆ ಹಿಡಿಯಲು ಸರ್ಕಾರದ ಮಾರ್ಷಲ್ ಬರುತ್ತಿದ್ದಾನೆ, ಹೆಚ್ಚು ಹೆಂಡಿರ ಗಂಡಂದಿರು ಓಡಿ ಎಂದರ್ಥ. ಏಳು ಮಂದಿ ಇದ್ದಬದ್ದ ಕೆಲಸ ಬಿಟ್ಟು ಕೆಂಪುಬಂಡೆಯ ಗುಹೆಗೆ ಓಡಿದರು. ಬಿಷಪ್ಪರು ಒಂದು ಕೆನ್ನೆಯ ಸಾಬೂನು ನೊರೆಯೊಂದಿಗೇ ಓಡಿದರು. ಒಬ್ಬಳೇ ಹೆಂಡತಿಯವರು ವಾಡಿಕೆಯಂತೆ ಅಂಗಡಿಯ ಮುಂದೆ ಗುಂಪು ಕಟ್ಟಿ ನಿಂತರು, ಮಾರ್ಷಲನನ್ನು ಮಾತಿಗೆಳೆದು ಹೊತ್ತು ಕಳೆಯಲು. ಮಾರ್ಷಲ್ ಬರಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಗುಟ್ಟು ರಟ್ಟಾಯಿತು: ಡೆನ್ಮಾರ್ಕಿನಿಂದ ಬಂದು ಎರಡು ತಿಂಗಳಾಗಿದ್ದ ಮಾರೆನ್, ಮಗು ಒದ್ದೆ ಮಾಡಿದ ಕೌದಿಯನ್ನು ಒಣಗಲು ಹಾಕಿದ್ದಳು.

"ನಂಗೆ ಯಾರು ಹೇಳಿದ್ರು? ಬಣ್ಣಕ್ಕೆ ಅರ್ಥ ಇದೆ ಅಂತ ಯಾರು ಹೇಳಿದ್ರು?" ಎಂದು ಅವಳು ತನ್ನ ಒಡಕು ಮಾತಿನಲ್ಲಿ ಅತ್ತಳು. "ನಂಗೂ ನಷ್ಟ. ಎಂಟು ಗಂಟೆಗೆ ನನ್ನ ನೀರು ನಿಲ್ಲಬೇಕು. ನಿಲ್ಲಲಿಲ್ಲ. ಮಧ್ಯಾಹ್ನದ ತನಕ ನನ್ನ ಹೊಲಕ್ಕೇ ಬಂತು. ಈರುಳ್ಳಿ ಎಲ್ಲ ಈಜ್ತಾ ಇದೆ!"

"ಈರುಳ್ಳಿ ಈಜಿದ್ರೆ ಈಜಲಿ, ನೀನು ಅಳಬೇಡ," ಎಂದು ಅಕ್ಕ ಅವಳ ಬೆನ್ನು ತಟ್ಟಿದಳು.

ಬಿಷಪ್ಪರು ಬೆಟ್ಟದಿಂದಿಳಿದು ಹೆಣ ನೋಡಿ ಟೋಪಿ ತೆಗೆದರು. ಬಹಳ ಅವಸರದಲ್ಲಿ, "ಬಿದ್ದು ಸತ್ತ ಅಂತ ಬರೀರಿ. ನಾಳೆ ಮಣ್ಣು ಮಾಡೋಣ," ಎಂದರು. ಊರು ಪಿಸುಗುಟ್ಟತೊಡಗಿತು. ಆ ಪುಸ್ತಕದಲ್ಲಿ ಬಿಷಪ್ಪರ ಮೂರು ಮದುವೆಗಳೂ ಇದ್ದವಲ್ಲ, ಸರ್ಕಾರದ ಕೈಗೆ ಸಿಕ್ಕಿದ್ದರೆ ಅವರಿಗೇ ಉರುಳು.

ಬಿಷಪ್ಪರ ಪಕ್ಕ ಅವರ ಸಲಹೆಗಾರ ಮೋಸಾಯಾ ಥ್ರೂಪ್ ಸಲಿಕೆ ಊರಿ ನಿಂತಿದ್ದ. ಎಲ್ಲರೂ ಎರಡು ಮೂರು ಕಟ್ಟಿಕೊಳ್ಳುತ್ತಿದ್ದ ಕಾಲದಲ್ಲಿ, ಒಬ್ಬಳೇ ಸಾಕು ಎಂದು ವೇದಿಕೆಗೇ ಎದುರು ನಿಂತಿದ್ದವನು. ಆಗ ಜನ ಅವನನ್ನು ಹೇಡಿ ಎಂದಿದ್ದರು. ಘೋಷಣೆ ಬಂದ ಮೇಲೆ ಅವನೇ ಸರಿ ಎಂದರು. ಮುಂದಿನ ಬಿಷಪ್ ಅವನೇ ಎನ್ನುವ ಮಾತಿತ್ತು.

"ನೀವೆಲ್ಲಿದ್ರಿ ಥ್ರೂಪಣ್ಣ?" ಅಕ್ಕ ಕೇಳಿದಳು.

"ಎಂಟರಿಂದ ನನ್ನ ನೀರಿನ ಸರದಿ ಅಲ್ವಾ. ಮೇಲಿನ ಹೊಲದಲ್ಲಿ ಮಧ್ಯಾಹ್ನದ ತನಕ ನೀರು ಕಟ್ತಾ ನಿಂತಿದ್ದೆ. ಕೌದಿ ಕಾಣ್ತು. ಒಬ್ಬನೇ ನಕ್ಕೆ. ಒಬ್ಬಳೇ ಹೆಂಡ್ತಿ ಇರೋನಿಗೆ ಮಾರ್ಷಲ್ ಭಯ ಏನು ಹೇಳಿ."

"ಅದೂ ನಿಜ," ಎಂದಳು ಅಕ್ಕ.

ಸಂಜೆ ನಾವು ಜೇರೆಡಣ್ಣನ ಮನೆಗೆ ಹೋದೆವು. ಮೇಜಿನ ಮೇಲೆ ಪುಸ್ತಕವಿತ್ತು. ಹಳೆಯ ಮದುವೆಗಳೆಲ್ಲ ಇದ್ದವು, ಬಿಷಪ್ಪರ ಮೂರೂ, ನಮ್ಮದೂ. ಚಳಿಗಾಲದ ಒಂದು ಹಾಳೆ ಮಾತ್ರ ಬುಡಸಹಿತ ಕಿತ್ತುಹೋಗಿತ್ತು. ನೆಲಮಾಳಿಗೆಗೆ ಇಳಿದೆವು. ನಾನು ಲಾಟೀನು ಎತ್ತಿ ಹಿಡಿದೆ. ಮೂಲೆಯಲ್ಲಿ ಆಲೂಗಡ್ಡೆಯ ರಾಶಿ. ಬೆಳಕು ಕಾಣದೆ ಬೆಳೆದ ಬಿಳಿ ಮೊಳಕೆಗಳು ಕುರುಡನ ಬೆರಳುಗಳಂತೆ ಗಾಳಿಯನ್ನು ತಡವುತ್ತಿದ್ದವು. ರಾಶಿಯ ಒಂದು ಪಕ್ಕ ನುಜ್ಜುಗುಜ್ಜಾಗಿತ್ತು. ಅದರ ಹಿಂದೆ, ಓಡಿಬಂದವರು ಅಡಗಲು ತೋಡಿಟ್ಟಿದ್ದ ಹಗೇವಿನ ಹಲಗೆ ಸರಿದಿತ್ತು. ಒಳಗಿನ ಧೂಳಿನಲ್ಲಿ ಎರಡು ಮಂಡಿಗಳ ಗುರುತು, ಪಕ್ಕದಲ್ಲಿ ಸಲಿಕೆಯ ಬಾಯಿ ಊರಿದ ಗೆರೆ.

ಅಕ್ಕ ಆ ಗೆರೆಯನ್ನು ಬೆರಳಿನಿಂದ ಅಳೆದಳು. ಆಮೇಲೆ, "ಮೇಲಕ್ಕೆ ನಡಿ ಥರ್ಜಾ. ನಂಗೆ ಇಲ್ಲಿ ಉಸಿರು ಕಟ್ತಿದೆ," ಎಂದಳು. ಹೆರಿಗೆ, ಹೆಣಗಳ ನಡುವೆ ಮೂವತ್ತು ವರ್ಷ ಓಡಾಡಿದವಳು ಹಾಗೆ ಅಂದದ್ದು ಅದೇ ಮೊದಲು.

ಗುರುವಾರ ಸಭಾಮಂದಿರ ಕಿಕ್ಕಿರಿದಿತ್ತು. ಎಲ್ಲರದ್ದೂ ಖಾಲಿ ಹೊಟ್ಟೆ, ಎಲ್ಲರ ಮುಖದಲ್ಲೂ ಒಂದೇ ಬೂದು ಬಣ್ಣ. ಹೊರಗೆ ಕೆಂಪು ಬಂಡೆಗಳ ಮೇಲೆ ಗಾಳಿ ಕೂಗುತ್ತಿತ್ತು. ವೇದಿಕೆಯ ಮೇಲೆ ಬಿಷಪ್ಪರು, ಬಲಗಡೆ ಥ್ರೂಪ್. ಕೆಳಗೆ ಒಬ್ಬಳೇ ನಿಂತ ಆರ್ವಿಲ್ಲಾ.

"ಗಂಡನ ಹೆಸರು ಹೇಳ್ತೀಯೇನಮ್ಮ?" ಬಿಷಪ್ಪರು ಕೇಳಿದರು.

"ಇಲ್ಲ."

"ಹಾಗಾದ್ರೆ ಈ ಸಭೆ..."

"ಒಂದು ನಿಮಿಷ ಬಿಷಪ್ಪರೇ," ಅಕ್ಕ ಎದ್ದಳು. "ಅವಳ ಗಂಡನೂ ಜೇರೆಡಣ್ಣನ ಕೊಂದೋನೂ ಒಬ್ಬನೇ. ಇಬ್ಬರ ಲೆಕ್ಕ ಒಟ್ಟಿಗೇ ಮುಗಿಸೋಣ."

ಒಂದು ಮಗು ಅತ್ತಿತು. ತಾಯಿ ಅದರ ಬಾಯಿ ಮುಚ್ಚಿದಳು.

"ಕೂತ್ಕೊಳ್ಳಮ್ಮ. ಸೂಲಗಿತ್ತಿಗೆ ಹೆಣದ ವಿಚಾರ ಯಾಕೆ?" ಎಂದು ಯಾರೋ ಹಿಂದಿನಿಂದ ಕೂಗಿದರು.

"ನೀನು ಹುಟ್ಟಿದಾಗ ಕಾಲು ಮೊದಲು ಬಂದಿತ್ತು. ಆಗ ನನ್ನ ಕೂತ್ಕೋ ಅನ್ನಲಿಲ್ಲ ನಿಮ್ಮಮ್ಮ," ಅಕ್ಕ ತಿರುಗದೆಯೇ ಅಂದಳು. "ಕೇಳಿ. ಮುಳುಗಿ ಸತ್ತೋನ ಬಾಯಲ್ಲಿ ನೀರಿರುತ್ತೆ. ಜೇರೆಡಣ್ಣನ ಬಾಯಿಂದ ಒಂದು ಹನಿಯೂ ಬರಲಿಲ್ಲ. ಅವನ ಬಕಲಲ್ಲಿ ಇದಿತ್ತು." ಮೊಳಕೆಯನ್ನು ಎತ್ತಿ ತೋರಿಸಿದಳು. "ಇಷ್ಟು ಬಿಳಿ ಮೊಳಕೆ ಬಿಸಿಲಲ್ಲಿ ಬೆಳೆಯಲ್ಲ. ಅವನು ಸತ್ತಿದ್ದು ಅವನ ನೆಲಮಾಳಿಗೆಯಲ್ಲಿ, ಆಲೂಗಡ್ಡೆ ಆರಿಸೋವಾಗ. ಹಿಂದಿನಿಂದ ಸಲಿಕೆ ಬಾಯಿ ಬಿದ್ದಿದೆ. ಆಮೇಲೆ ಯಾರೂ ಇಲ್ಲದ ಹೊತ್ತು ನೋಡಿ ಕಾಲುವೆಗೆ ಎಳೆದು ಹಾಕಿದಾರೆ. ಗಾಯ ನೇರ ಇತ್ತು, ಥರ್ಜಾ ನೋಡಿದಾಳೆ."

ನಾನು ತಲೆಯಾಡಿಸಿದೆ.

"ಅಲ್ಲಿನ ಹಗೇವಲ್ಲಿ ಯಾರೋ ಮಂಡಿಯೂರಿ ಕೂತಿದ್ರು. ಯಾವತ್ತು ಹಗೇವಿಗೆ ಇಳೀತಾರೆ? ಕೆಂಪು ಕೌದಿ ಕಂಡ ದಿನ. ಯಾರು ಇಳೀತಾರೆ? ಹೆಚ್ಚು ಹೆಂಡಿರು ಇರೋರು. ಜೈಲಲ್ಲಿರೋ ನಮ್ಮೋರನ್ನ ಬಿಟ್ರೆ ನಮ್ಮೂರಲ್ಲಿ ಅಂಥೋರು ಏಳು ಜನ. ಏಳೂ ಜನ ಗುಹೇಲಿದ್ರು."

"ಏಳೂ ಜನ ಸೇರಿ ಸುಳ್ಳು ಹೇಳ್ತಿರಬೋದಲ್ಲ!" ಎಂದಿತು ಹಿಂದಿನ ದನಿ.

"ಏಳು ಗಂಡಸರು ಸೇರಿ ಒಂದೇ ಸುಳ್ಳು ಹೇಳೋವಷ್ಟು ಒಗ್ಗಟ್ಟು ಇದ್ದಿದ್ರೆ ಈ ಊರ ಕಾಲುವೆ ಯಾವತ್ತೋ ರಿಪೇರಿ ಆಗಿರ್ತಿತ್ತು."

ಯಾರೋ ನಕ್ಕು ತಕ್ಷಣ ಕೆಮ್ಮಿದರು.

"ಬಿಷಪ್ಪರ ಮೇಲೆ ಅನುಮಾನ ಪಟ್ಟೋರು ಕೇಳಿ. ಅವರಾಗಿದ್ರೆ ಪುಸ್ತಕಾನೇ ಸುಟ್ಟಿರ್ತಿದ್ರು, ಅವರ ಮೂರು ಹಾಳೆ ಹಾಗೇ ಇದೆ. ಕೊಂದೋನಿಗೆ ಬೇಕಿದ್ದು ಈ ಚಳಿಗಾಲದ ಒಂದೇ ಹಾಳೆ. ಅಂದ್ರೆ ನಮಗೆ ಗೊತ್ತಿಲ್ಲದ ಎಂಟನೆಯವನು ಒಬ್ಬ ಇದಾನೆ. ಘೋಷಣೆ ಆದ ಮೇಲೆ ಎರಡನೆಯವಳನ್ನ ಕಟ್ಟಿಕೊಂಡೋನು. ಅಭ್ಯಾಸ ಇಲ್ಲ ಅವನಿಗೆ. ಗುಹೆಗೆ ಹೋದ್ರೆ ಉಳಿದೋರು ನೋಡ್ತಾರೆ. ದಾರೀಲಿ ಸಿಕ್ಕ ಮೊದಲ ಮನೆಗೆ ನುಗ್ಗಿದ. ಮನೇಲಿ ಕೂತಿದ್ರೆ ಯಾರೂ ಕೇಳ್ತಿರಲಿಲ್ಲ. ಆದ್ರೆ ಕೌದಿ ಕಂಡ ತಕ್ಷಣ ತಪ್ಪು ಮಾಡಿದ ಕಾಲು ತಾನೇ ಓಡುತ್ತೆ."

ಅವಳು ವೇದಿಕೆಯ ಕಡೆ ತಿರುಗಿದಳು.

"ಒಬ್ಬಳೇ ಹೆಂಡ್ತಿ ಇರೋರೆಲ್ಲ ಅಂಗಡಿ ಮುಂದಿದ್ರು, ಒಬ್ಬರನ್ನು ಬಿಟ್ಟು. ಥ್ರೂಪಣ್ಣ, ನೀವು ಎಂಟರಿಂದ ನೀರು ಕಟ್ತಿದ್ರಿ ಅಂದ್ರಿ. ಕಾಲುವೆ ನೀರು ತಿರುಗಿಸೋ ನಮ್ಮ ನೀರುಗಂಟಿಗೆ ಹೆಂಡಿರು ನಾಲ್ಕು. ಅವನು ಏಳೂವರೆಗೇ ಬೆಟ್ಟ ಹತ್ತಿದ. ಅವನನ್ನ ಬಿಟ್ಟು ತೂಬು ಮುಟ್ಟೋ ಧೈರ್ಯ ಈ ಊರಲ್ಲಿ ಯಾರಿಗೂ ಇಲ್ಲ. ಎಂಟಕ್ಕೆ ತಿರುಗಬೇಕಿದ್ದ ನೀರು ತಿರುಗಲೇ ಇಲ್ಲ, ಮಧ್ಯಾಹ್ನದ ತನಕ ಮಾರೆನ್ ಈರುಳ್ಳೀಲಿ ನಿಂತಿತ್ತು. ಬಾರದ ನೀರನ್ನ ನೀವು ಎಲ್ಲಿ ಕಟ್ಟಿದ್ರಿ?"

ಥ್ರೂಪ್ ಎದ್ದ. "ಯಾವುದೋ ಈರುಳ್ಳಿ ನಂಬಿಕೊಂಡು ನನ್ನ ಮೇಲೆ..."

"ಪರ್ಮೀಲಾ," ಅಕ್ಕ ಮೆತ್ತಗೆ ಕರೆದಳು. ಥ್ರೂಪ್‌ನ ಹೆಂಡತಿ ಮುಂದಿನ ಬೆಂಚಿನಲ್ಲಿದ್ದಳು. "ಮಂಗಳವಾರ ಇವರ ಬೂಟು ಯಾರು ಒರೆಸಿದ್ದು?"

ಪರ್ಮೀಲಾ ಮಡಿಲಲ್ಲಿದ್ದ ಕೈಗಳನ್ನೇ ನೋಡುತ್ತ ಹೇಳಿದಳು: "ನಾನೇ. ಕೆಸರಿರಲಿಲ್ಲ. ಒಣ ಧೂಳು. ಮಂಡೀಲೂ ಧೂಳು." ಆಮೇಲೆ ತಲೆಯೆತ್ತಿ ಗಂಡನನ್ನು ನೋಡಿದಳು. "ಒಬ್ಬಳೇ ಸಾಕು ಅಂತ ಇಪ್ಪತ್ತು ವರ್ಷ ಅಂದ್ರಲ್ಲ ರೀ. ನಂಗೋಸ್ಕರ ಅಂದ್ಕೊಂಡಿದ್ದೆ."

ಥ್ರೂಪ್ ಕುಳಿತ. ಗೋಡೆ ಕುಸಿಯುವಂತೆ ಅಲ್ಲ, ದಣಿದವನು ಕೂರುವಂತೆ. "ಹಾಳೆ ಕೊಡು ಅಂತ ಕಾಲಿಗೆ ಬಿದ್ದೆ," ಎಂದ. "ನಕ್ಕುಬಿಟ್ಟ. ಎಲ್ಲರೂ ಮಾಡೋವಾಗ ಬಯ್ತಿದ್ದೆ, ಎಲ್ಲರೂ ಬಿಟ್ಟಾಗ ಮಾಡಿದೆಯಾ ಮೋಸಾಯಾ ಅಂತ ನಕ್ಕ. ನಗ್ತಾ ಬೆನ್ನು ತಿರುಗಿಸಿದ."

ಬಿಷಪ್ಪರು ಎದ್ದು ಹೋಗಿ ತಾವೇ ಬಾಗಿಲ ಅಗುಳಿ ಹಾಕಿದರು. ಅವರು ವೇದಿಕೆಗೆ ಮರಳಲಿಲ್ಲ. ಆರ್ವಿಲ್ಲಾಳ ಎದುರು ಬಂದು ನಿಂತರು.

"ಕೇಳು ಮಗಳೇ," ಎಂದರು. ಇಪ್ಪತ್ತು ವರ್ಷ ಗುಡುಗಿದ ಗಂಟಲು ಈಗ ಬೇಡುತ್ತಿತ್ತು. "ಘೋಷಣೆ ಆದ ಮೇಲೂ ನಮ್ಮಲ್ಲಿ ಮದುವೆ ಆಗಿದೆ ಅಂತ ಗೊತ್ತಾದ್ರೆ ಸರ್ಕಾರ ದೇವಾಲಯಾನೇ ಕಿತ್ಕೊಳ್ಳುತ್ತೆ. ಈ ಏಳು ಮನೆಗಳ ಗಂಡಸರನ್ನೂ ಎಳ್ಕೊಂಡು ಹೋಗುತ್ತೆ. ಜೇರೆಡ್ ಬಿದ್ದು ಸತ್ತ. ಸತ್ತೋನು ಹೆಂಗೂ ಬರಲ್ಲ. ನಿನ್ನ ಮದುವೇನ ನಾನೇ ನನ್ನ ಕೈಯಾರೆ ಪುಸ್ತಕದಲ್ಲಿ ಬರೆದು ಸಹಿ ಹಾಕ್ತೀನಿ. ಇವನ ಜೊತೆ ಮೆಕ್ಸಿಕೋದಲ್ಲಿರೋ ನಮ್ಮೋರ ಊರಿಗೆ ಹೋಗು. ಅಲ್ಲಿ ಯಾರೂ ಕೇಳಲ್ಲ. ಧರ್ಮಪತ್ನಿ ಅನ್ನಿಸ್ಕೋತೀಯ. ಮಗುಗೆ ಅಪ್ಪನ ಹೆಸರು ಇರುತ್ತೆ. ಇಲ್ಲದಿದ್ರೆ ನಿನಗೂ ಏನಿಲ್ಲ, ಅದಕ್ಕೂ ಏನಿಲ್ಲ. ಹೂಂ ಅನ್ನು. ಒಂದು ಮಾತು."

ಊರೆಲ್ಲ ಅವಳ ಬಾಯನ್ನೇ ನೋಡುತ್ತಿತ್ತು. ಅಂಗಡಿಯ ಮುಂದೆ ನಿಂತಿದ್ದವರು, ಗುಹೆಗೆ ಓಡಿದ್ದವರು, ನಾನು. ಹೌದು, ನಾನೂ. ನನ್ನ ಗಂಡ ಮುಂದಿನ ತಿಂಗಳು ಬಿಡುಗಡೆಯಾಗಿ ಬರುವವನಿದ್ದ. ಹೂಂ ಅನ್ನಲಿ ಎಂದು ಒಂದು ಕ್ಷಣ ನಾನು ದೇವರನ್ನು ಬೇಡಿದೆ. ಅಕ್ಕ ಮಾತ್ರ ಯಾರನ್ನೂ ನೋಡುತ್ತಿರಲಿಲ್ಲ.

ಆರ್ವಿಲ್ಲಾ ಹೊಟ್ಟೆಯ ಮೇಲಿದ್ದ ಕೈ ತೆಗೆಯಲಿಲ್ಲ. ದನಿಯೂ ಏರಲಿಲ್ಲ.

"ಬೇಡ," ಎಂದಳು. "ಬಾಗಿಲು ತೆಗೀರಿ, ಶೆರೀಫನ್ನ ಕರೀರಿ."