ಜಿಮ್ಮಿಯ ಗಾಡಿ

ನಾಯಿಯನ್ನು ಕೂರಿಸಿ ಸೈಕಲ್ ಹಿಂದೆ ಎಳೆಯಲು ಗಾಡಿ ಬೇಕು ಎಂದು ಕೇಳಿಕೊಂಡು ಬಂದವರನ್ನು ಹಾಲೇಶ್ ಅದುವರೆಗೆ ಕಂಡಿರಲಿಲ್ಲ.

ಆಲ್ದೂರಿನ ಅವನ ವೆಲ್ಡಿಂಗ್ ಶಾಪಿಗೆ ಬರುತ್ತಿದ್ದದ್ದು ಎಸ್ಟೇಟುಗಳ ಟ್ರ್ಯಾಕ್ಟರ್ ಟ್ರೈಲರುಗಳು, ಮುರಿದ ಗೇಟುಗಳು. 2003ರ ಡಿಸೆಂಬರಿನ ಒಂದು ಶನಿವಾರ ಬಂದವಳು ಹೈಸ್ಕೂಲಿನ ಗಣಿತದ ಟೀಚರ್ ಧನ್ಯಾ. ಕೈಯಲ್ಲಿ ತೆಳು ಟೈರಿನ ರೇಸಿಂಗ್ ಸೈಕಲ್. ಮೈಸೂರಿನಲ್ಲಿ ಓದುವಾಗ ಅದರಲ್ಲಿ ರೇಸ್ ಗೆದ್ದಿದ್ದಳಂತೆ.

"ಹನ್ನೆರಡು ವರ್ಷ ನನ್ನ ಸೈಕಲ್ ಹಿಂದೆ ಓಡಿದ ನಾಯಿ, ನಮ್ಮ ಜಿಮ್ಮಿ," ಎಂದಳು. "ಈಗ ಹಿಂಗಾಲು ಬಿದ್ದುಹೋಗಿದೆ. ನಾನು ಸೈಕಲ್ ತೆಗೆದ್ರೆ ಗೇಟಿನ ತನಕ ತೆವಳ್ಕೊಂಡು ಬರುತ್ತೆ. ನೋಡೋಕಾಗಲ್ಲ."

"ಮಾಡೋಣ ಟೀಚರ್. ಅದೆಂತ ದೊಡ್ಡ ಕೆಲಸ?"

ದೊಡ್ಡ ಕೆಲಸವೇ ಆಯಿತು. ಟ್ರ್ಯಾಕ್ಟರಿಗೆ ಪಳಗಿದ ಕೈ ಅವನದು. ಟ್ರೈಲರಿಗೆ ಹಾಕುವ ಹಾಗೆಯೇ ದಪ್ಪನೆಯ ಪಿನ್ ಹಾಕಿ ಗಾಡಿಯನ್ನು ಸೈಕಲ್ಲಿಗೆ ಭದ್ರವಾಗಿ ಜೋಡಿಸಿದ. ಮೊದಲ ತಿರುವಿನಲ್ಲೇ ಗಾಡಿ ಪಲ್ಟಿ ಹೊಡೆಯಿತು. ಪುಣ್ಯಕ್ಕೆ ಒಳಗಿದ್ದದ್ದು ಜಿಮ್ಮಿಯಲ್ಲ, ಅದರಷ್ಟೇ ತೂಕದ ಕಾಫಿ ಬೀಜದ ಚೀಲ.

ಇಬ್ಬರೂ ರಸ್ತೆಯಲ್ಲಿ ಮಂಡಿಯೂರಿ ಬೀಜ ಬಳಿದರು.

"ಟ್ರ್ಯಾಕ್ಟರ್ ತಿರುವಲ್ಲಿ ವಾಲುತ್ತಾ ಹಾಲೇಶ್?"

"ಇಲ್ಲ."

"ಸೈಕಲ್ ವಾಲುತ್ತೆ." ಅವಳು ಅಂಗೈಯನ್ನು ಓರೆಯಾಗಿಸಿ ತೋರಿಸಿದಳು. "ನಾನು ವಾಲಿದ್ರೂ ಜಿಮ್ಮಿ ನೆಟ್ಟಗೆ ಕೂತಿರ್ಬೇಕು. ಅಂಥ ಕೀಲು ಬೇಕು."

ತಪ್ಪು ಮಾಡಿದ ಹುಡುಗನಿಗೆ ಲೆಕ್ಕ ಬಿಡಿಸಿ ಹೇಳುವ ದನಿ. ಹಾಲೇಶನಿಗೆ ಮಾತ್ರ ಆ ಅಂಗೈಯಷ್ಟೇ ಕಂಡಿತು, ಅದಕ್ಕಂಟಿದ ಗ್ರೀಸ್ ಕಂಡಿತು. ಕೀಲಿನ ವಿಷಯ ಮನೆಗೆ ಹೋದ ಮೇಲೆ ತಲೆಗೆ ಹೊಕ್ಕಿತು.

ಹಳೆಯ ಜೀಪೊಂದರ ಸ್ಟೀರಿಂಗಿನ ಬಾಲ್ ಜಾಯಿಂಟ್ ತೆಗೆದು ಜೋಡಿಸಿದ. ಅದು ಯಾವ ಕಡೆಗೆ ಬೇಕಾದರೂ ತಿರುಗುತ್ತದೆ. ಅದರ ನಟ್ಟಿಗೆ ಅಡ್ಡಲಾಗಿ ಎರಡು ಬಾಲದ ಒಂದು ಸ್ಪ್ಲಿಟ್ ಪಿನ್ ತೂರಿಸಿ ಆ ಬಾಲಗಳನ್ನು ಬಗ್ಗಿಸಬೇಕು. ಆಗ ನಟ್ಟು ಜನ್ಮದಲ್ಲಿ ಸಡಿಲವಾಗುವುದಿಲ್ಲ. ಆ ದಿನ ಸರಿಯಾದ ಅಳತೆಯ ಪಿನ್ ಇರಲಿಲ್ಲ. ನಟ್ಟನ್ನೇ ಬಿಗಿ ಮಾಡಿ ಕಳಿಸಿದ.

ಎರಡು ವಾರಕ್ಕೆ ಧನ್ಯಾ ಸೈಕಲ್ ತಳ್ಳಿಕೊಂಡು ಬಂದಳು. "ನಟ್ಟು ಸಡಿಲ ಆಗಿದೆ."

ಅಷ್ಟರಲ್ಲಿ ಪಿನ್ ಚಿಕ್ಕಮಗಳೂರಿನಿಂದ ಬಂದು ಡ್ರಾಯರಿನಲ್ಲಿ ಕೂತಿತ್ತು. ಹಾಲೇಶ್ ಡ್ರಾಯರಿಗೆ ಕೈ ಹಾಕಿದವನು ಸುಮ್ಮನೆ ಮುಚ್ಚಿದ. ಇದನ್ನು ಹಾಕಿದರೆ ಮುಗಿಯಿತು, ಇನ್ನು ಅವಳು ಬರುವುದಿಲ್ಲ. ನಟ್ಟನ್ನು ಮತ್ತೆ ಬಿಗಿ ಮಾಡಿ ಕಳಿಸಿದ.

ಆಮೇಲೆ ಪ್ರತಿ ಶನಿವಾರವೂ ಅದೇ ಆಯಿತು. ಅವಳು ಸ್ಟೂಲಿನ ಮೇಲೆ ಕೂತು ಟೆಸ್ಟ್ ಪೇಪರ್ ತಿದ್ದುವಳು. ಜಿಮ್ಮಿ ಗಾಡಿಯ ಅಂಚಿಗೆ ಗದ್ದ ಊರಿ ಇವನನ್ನೇ ನೋಡುವುದು. ಐದು ನಿಮಿಷದ ಕೆಲಸವನ್ನು ಹಾಲೇಶ್ ಮುಕ್ಕಾಲು ಗಂಟೆ ಎಳೆಯುವನು. ಕಣ್ಣೆತ್ತಿದರೆ ಅವಳ ಕಣ್ಣು ಕನ್ನಡಕದ ಮೇಲಿಂದ ಇವನ ಕಡೆಗೇ ಇರುತ್ತಿತ್ತು, ತಕ್ಷಣ ಪೇಪರಿಗೆ ಇಳಿಯುತ್ತಿತ್ತು.

ಎದುರಿನ ಹೋಟೆಲಿನ ಜವರಯ್ಯ ಟೀ ತಂದಿಟ್ಟು, "ಎಂತ ಮಾರಾಯ, ಆ ನಟ್ಟಿಗೆ ನಿನ್ನ ಮೇಲೆ ಅಷ್ಟು ಕೋಪ ಎಂತಕ್ಕೆ?" ಎಂದು ಕಾಲೆಳೆಯುವನು.

ಹಾಲೇಶನಿಗೆ ತನ್ನ ಹುಚ್ಚು ಗೊತ್ತಿತ್ತು. ಅವಳು ತೋಟದ ತಿಮ್ಮಪ್ಪಗೌಡರ ಮಗಳು, ಇವನು ಪೇಟೆ ಬೀದಿಯ ಲಿಂಗಾಯತರ ಹುಡುಗ. ಆಸೆಪಡಲಿಕ್ಕೂ ಒಂದು ಮಿತಿ ಬೇಡವೇ ಎಂದು ವಾರವಿಡೀ ತನ್ನನ್ನೇ ಬೈದುಕೊಂಡು, ಶುಕ್ರವಾರ ಸಂಜೆ ನುಣ್ಣಗೆ ಶೇವ್ ಮಾಡಿಕೊಳ್ಳುತ್ತಿದ್ದ.

ಫೆಬ್ರವರಿಯ ಒಂದು ಶನಿವಾರ ಅವಳು ಹೇಳಿದಳು: "ಇಳಿಜಾರಲ್ಲಿ ಇದು ಕಣ್ಮುಚ್ಕೊಂಡು ಕಿವಿ ಹಾರಿಸ್ಕೊಂಡು ಕೂತಿರುತ್ತೆ. ನಿಮ್ಮ ಕೆಲಸದ ಮೇಲೆ ಅಷ್ಟು ನಂಬಿಕೆ."

ಮಾತು ಎದೆಗೆ ನಾಟಿತು. ತನ್ನ ಆಸೆಗಾಗಿ ಒಂದು ಮೂಕ ಪ್ರಾಣಿಯನ್ನು ಸಡಿಲ ನಟ್ಟಿನ ಮೇಲೆ ಬಿಟ್ಟಿದ್ದೇನಲ್ಲ ಎಂದು ನಾಚಿಕೆಯಾಯಿತು. ಡ್ರಾಯರ್ ತೆಗೆಯುವಷ್ಟರಲ್ಲಿ ಅವಳು ಸೈಕಲ್ ಹತ್ತಿ ಹೊರಟೇಹೋಗಿದ್ದಳು. ಮುಂದಿನ ವಾರ ಹಾಕಿಯೇ ತೀರುತ್ತೇನೆ, ಆಮೇಲೆ ಅವಳು ಬರದಿದ್ದರೂ ಸರಿ ಎಂದುಕೊಂಡ.

ಮುಂದಿನ ವಾರ ಅವಳು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಬಂದದ್ದು ಮಾರ್ಚಿನಲ್ಲಿ, ಕಾಫಿ ಹೂ ಬಿಟ್ಟು ಪೇಟೆಯೆಲ್ಲ ಅದೇ ಪರಿಮಳವಿದ್ದಾಗ. ಎಂದಿನಂತೆ ಸೈಕಲ್ ತಳ್ಳಿಕೊಂಡೇ ಬಂದಳು. ಹಿಂದಿನ ಗಾಡಿ ಖಾಲಿಯಿತ್ತು.

"ಜಿಮ್ಮಿ?"

"ಹೋಯ್ತು. ಹೋದ ವಾರ."

ಹಾಲೇಶನ ಕಣ್ಣು ನಟ್ಟಿನ ಕಡೆಗೆ ಹೋಯಿತು. "ಗಾಡಿ ಕಳಚಿ?"

"ಅಯ್ಯೋ, ಇಲ್ಲ ಮಾರಾಯ್ರೆ. ವಯಸ್ಸಾಗಿತ್ತು. ಆವತ್ತು ಇಲ್ಲಿಂದ ಹೋದ್ಮೇಲೆ ಹುಷಾರಿರ್ಲಿಲ್ಲ. ಜಗಲಿ ಮೇಲೆ ಬಿಸಿಲು ಕಾಯಿಸ್ತಾ ಮಲಗಿದ್ದು ಏಳ್ಲಿಲ್ಲ." ಸೈಕಲನ್ನು ಗೋಡೆಗೆ ಒರಗಿಸಿ ಹೇಳಿದಳು: "ನಟ್ಟು ಸಡಿಲ ಆಗಿದೆ."

ಹಾಲೇಶ್ ಡ್ರಾಯರ್ ತೆಗೆದು ಪಿನ್ನನ್ನು ಅವಳ ಮುಂದಿಟ್ಟ.

"ಇದು ಜನವರಿಯಿಂದ ಇಲ್ಲೇ ಇತ್ತು ಟೀಚರ್. ಹಾಕಿದ್ರೆ ಒಂದು ದಿನವೂ ಸಡಿಲ ಆಗ್ತಿರ್ಲಿಲ್ಲ. ನೀವು ಬರೋದು ನಿಂತುಹೋಗುತ್ತೆ ಅಂತ ಹಾಕ್ಲಿಲ್ಲ. ಜಿಮ್ಮಿಗೇನಾದ್ರೂ ಆಗಿದ್ರೆ ನಾನೇ ಕಾರಣ ಆಗ್ತಿದ್ದೆ. ನೀವು ಬೈದ್ರೂ ಸರಿ."

ಧನ್ಯಾ ಬೈಯಲಿಲ್ಲ. ಬ್ಯಾಗಿನಿಂದ ತುಕ್ಕು ಹಿಡಿದ ಸ್ಪ್ಯಾನರೊಂದನ್ನು ತೆಗೆದು ಪಿನ್ನಿನ ಪಕ್ಕದಲ್ಲಿಟ್ಟಳು.

"ಮೊದಲ ಸಲ ತಾನಾಗೇ ಸಡಿಲ ಆಗಿತ್ತು. ಆಮೇಲೆಲ್ಲ ನಾನೇ ಬಿಚ್ಚಿದ್ದು. ಪೇಟೆ ಹತ್ತಿರದ ಸೇತುವೆ ದಾಟಿದ ಮೇಲೆ ಬಿಚ್ಚಿ, ಅಲ್ಲಿಂದ ತಳ್ಕೊಂಡು ಬರ್ತಿದ್ದೆ. ಜಿಮ್ಮಿನ ಕೂರಿಸ್ಕೊಂಡು ಸಡಿಲ ನಟ್ಟಲ್ಲಿ ಒಂದು ಸುತ್ತೂ ಪೆಡಲ್ ತುಳಿದಿಲ್ಲ."

"ಇವತ್ತು?"

"ಇವತ್ತೂ ನಾನೇ." ಕನ್ನಡಕದ ಹಿಂದೆ ಕಣ್ಣು ತುಂಬಿತ್ತು. "ಜಿಮ್ಮಿ ಇಲ್ಲ ಅಂದ್ಮೇಲೆ ಬರೋಕೆ ಬೇರೆ ನೆಪ ಹೊಳೀಲಿಲ್ಲ."

ಹಾಲೇಶ್ ಸ್ಪ್ಯಾನರನ್ನು ಕೈಗೆತ್ತಿಕೊಂಡ. "ನಿಮ್ಮಪ್ಪ?"

"ನಿಮ್ಮ ವಿಷಯ ಹೇಳ್ದೆ. ಎರಡು ದಿನ ಮಾತೇ ಆಡ್ಲಿಲ್ಲ. ಇವತ್ತು ಹೊರಡುವಾಗ, ಆ ಗಾಡಿ ಮಾಡಿದವನಿಗೆ ಒಂದ್ಸಲ ಮನೆಗೆ ಬರೋಕೆ ಹೇಳು ಅಂದ್ರು."

ಹಾಲೇಶ್ ನಟ್ಟು ಬಿಗಿದ, ಪಿನ್ ತೂರಿಸಿದ, ಎರಡೂ ಬಾಲ ಬಗ್ಗಿಸಿದ. ಐದೇ ನಿಮಿಷದಲ್ಲಿ ಕೆಲಸ ಮುಗಿಯಿತು. ಅವಳ ಸ್ಪ್ಯಾನರನ್ನು ತನ್ನ ಡ್ರಾಯರಿಗೆ ಹಾಕಿ ಮುಚ್ಚಿದ.

"ಅದು ಅಪ್ಪಯ್ಯಂದು."

"ನಾನೇ ತಂದ್ಕೊಡ್ತೀನಿ, ನಾಳೆ. ಇನ್ನು ನೆಪ ಬೇಡ ಧನ್ಯಾ. ಸುಮ್ನೆ ಬನ್ನಿ."

ಮೊದಲ ಬಾರಿಗೆ ಟೀಚರ್ ಎನ್ನಲಿಲ್ಲ. ಅವಳು ಅದನ್ನು ಗಮನಿಸಿದಳು, ಕನ್ನಡಕ ಒರೆಸಿಕೊಂಡು ಸೈಕಲ್ ಹತ್ತಿದಳು. ಹಾಲೇಶ್ ರಸ್ತೆಗೆ ಬಂದು ನೋಡುತ್ತ ನಿಂತ. ಪೇಟೆ ಮುಗಿಯುವ ತಿರುವಿನಲ್ಲಿ ಅವಳು ಪೂರ್ತಿ ಎಡಕ್ಕೆ ವಾಲಿದಳು, ಹಿಂದಿನ ಗಾಡಿ ಒಂದಿಷ್ಟೂ ಅಲುಗದೆ ನೆಟ್ಟಗೆ ಅವಳ ಜೊತೆಗೇ ಹೋಯಿತು.